ಕಂಪನಿ ಮುಚ್ಚಿದರೂ ನಮ್ಮ ದುಡಿಮೆ ಸುಳ್ಳಾಗದು
(ಎಸ್.ಎಸ್. ಬಡಾವಣೆಯ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳು)



ಕಳೆದ ತಿಂಗಳ ಸಭೆಯಲ್ಲಿ ನಮ್ಮ ಒಬ್ಬ ಅಕ್ಕ ಕಣ್ಣೀರು ಹಾಕಿದರು. ಒಂಬತ್ತು ವರ್ಷ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿದವರು. ಅದು ಮುಚ್ಚಿಹೋಯ್ತು, ಮಾಲೀಕರು ಊರು ಬಿಟ್ಟರು. ಈಗ ಬೇರೆ ಕಡೆ ಕೆಲಸ ಕೇಳಿದರೆ, "ಅನುಭವ ಪತ್ರ ತಗೊಂಡು ಬಾರಮ್ಮ, ಇಲ್ಲಾಂದ್ರೆ ಹೊಸಬರ ಸಂಬಳವೇ" ಅಂದರಂತೆ. "ಬೀಗ ಹಾಕಿರೋ ಗೇಟಿನ ಹತ್ರ ಹೋಗಿ ಯಾರನ್ನ ಕೇಳ್ಲಿ?" ಎಂದು ಅಕ್ಕ ಕೇಳಿದರು. ನಾವೆಲ್ಲ ಸೇರಿ ಹುಡುಕಿದ ಉತ್ತರವನ್ನು ಇವತ್ತು ನಿಮ್ಮ ಮುಂದಿಡುತ್ತೇವೆ.

ಈ ಕಷ್ಟ ನಮ್ಮ ಊರಿಗೆ ಹೊಸದಲ್ಲ. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಹರಿಹರದಲ್ಲಿ 1941ರಲ್ಲಿ ಶುರುವಾಗಿ ಲೇಥ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ 2000ರ ದಶಕದ ಆರಂಭದಲ್ಲಿ ನಿಂತುಹೋಯಿತು. ನಮ್ಮ ಎಷ್ಟೋ ಮನೆಗಳಲ್ಲಿ ಅಪ್ಪ, ಮಾವ ಅಲ್ಲಿ ದುಡಿದವರೇ. ಬಾಗಿಲು ಮುಚ್ಚಿತು ಅಂತ ಅವರ ದುಡಿಮೆ ಸುಳ್ಳಾಯಿತೇ? ಇಲ್ಲ. ಅದಕ್ಕೆ ಸಾಕ್ಷಿ ಎಲ್ಲಿದೆ ಅಂತ ನಮಗೆ ಗೊತ್ತಿರಬೇಕು, ಅಷ್ಟೇ.

ಮೊದಲ ಸಾಕ್ಷಿ ಪಿ.ಎಫ್. 2014ರಿಂದ ಪಿ.ಎಫ್. ಸದಸ್ಯರಿಗೆ 12 ಅಂಕಿಯ ಯು.ಎ.ಎನ್. ಸಂಖ್ಯೆ ಕೊಡುತ್ತಿದ್ದಾರೆ. ಆ ಖಾತೆಯ ಸೇವಾ ವಿವರದಲ್ಲಿ ಸಂಸ್ಥೆಯ ಹೆಸರು, ಸೇರಿದ ದಿನ, ಬಿಟ್ಟ ದಿನ ಇರುತ್ತದೆ. ಸಂಸ್ಥೆ ಮುಚ್ಚಿದರೂ ಈ ದಾಖಲೆ ಪಿ.ಎಫ್. ಇಲಾಖೆಯಲ್ಲಿ ಉಳಿಯುತ್ತದೆ. ಮಾಲೀಕರು ಬಿಟ್ಟ ದಿನಾಂಕ ತುಂಬದೇ ಹೋಗಿದ್ದರೆ, ಕೊನೆಯ ಕಂತು ಕಟ್ಟಿ ಎರಡು ತಿಂಗಳಾದ ಮೇಲೆ ಆಧಾರ್‌ಗೆ ಜೋಡಿಸಿದ ಮೊಬೈಲಿನ ಓ.ಟಿ.ಪಿ. ಬಳಸಿ ನಾವೇ ತುಂಬಬಹುದು. ಅದಕ್ಕಿಂತ ಹಿಂದಿನ ಕೆಲಸವಾದರೆ ಹಳೆಯ ಸಂಬಳ ಚೀಟಿಯಲ್ಲಿ ಪಿ.ಎಫ್. ನಂಬರು ಹುಡುಕಿ.

ಎರಡನೆಯದು ಟ್ರಂಕಿನಲ್ಲಿರುವ ಕಾಗದಗಳು. ಇ.ಎಸ್.ಐ. ಕಾರ್ಡು, ನೇಮಕಾತಿ ಪತ್ರ, ಗುರುತಿನ ಚೀಟಿ, ಸಂಬಳ ಜಮಾ ಆದ ಬ್ಯಾಂಕ್ ಪಾಸ್‌ಬುಕ್ ಯಾವುದನ್ನೂ ರದ್ದಿಗೆ ಹಾಕಬೇಡಿ. ಹಳೆಯ ಕಾಗದದಲ್ಲಿ 'ಚಿತ್ರದುರ್ಗ ಜಿಲ್ಲೆ' ಅಂತ ಇದ್ದರೆ ಹೆದರಬೇಡಿ. ನಮ್ಮ ಜಿಲ್ಲೆ ಆದದ್ದೇ 1997ರಲ್ಲಿ. ಯಾರಾದರೂ ಕೇಳಿದರೆ ಅದನ್ನೇ ಹೇಳಿ.

ಇವೆಲ್ಲ ನಾವು ಎಲ್ಲಿ, ಎಷ್ಟು ದಿನ ಇದ್ದೆವು ಅಂತ ಹೇಳುತ್ತವೆ. ಕೆಲಸ ಹೇಗೆ ಮಾಡಿದೆವು ಅಂತ ಹೇಳಲು ಮನುಷ್ಯರೇ ಬೇಕು. ಹಾಗಾಗಿ ಮೂರನೆಯ ಸಾಕ್ಷಿ ನಮ್ಮ ಜೊತೆ ದುಡಿದವರು. ಹಳೆಯ ಸೂಪರ್‌ವೈಸರ್ ಈಗ ಎಲ್ಲೇ ಇರಲಿ, ಬಿಳಿ ಹಾಳೆಯಲ್ಲಿ ತಮ್ಮ ಹೆಸರಿನಲ್ಲೇ ಬರೆಯಲಿ: "ನಾನು ಇಂಥ ಸಂಸ್ಥೆಯಲ್ಲಿ ಮೇಲ್ವಿಚಾರಕನಾಗಿದ್ದೆ. ಇವರು ಇಷ್ಟು ವರ್ಷ ಇಂಥ ಕೆಲಸ ಮಾಡಿದರು. ಸಂಸ್ಥೆ ಈಗ ಇಲ್ಲ." ಕೆಳಗೆ ಸಹಿ, ದಿನಾಂಕ, ಫೋನ್ ನಂಬರು ಇರಲಿ. ಮನೆಗೆಲಸ, ಅಡುಗೆ ಕೆಲಸ ಮಾಡುವವರಿಗೂ ಇದೇ ದಾರಿ. ಮನೆಯ ಅಜ್ಜಿ ತೀರಿಕೊಂಡಿದ್ದರೆ ಮಗನೋ ಸೊಸೆಯೋ ಬರೆದುಕೊಡಬಹುದು.

ಒಂದು ಎಚ್ಚರಿಕೆ. "ಮುಚ್ಚಿದ ಕಂಪನಿ ತಾನೇ, ಲೆಟರ್‌ಹೆಡ್ ಮಾಡಿಸಿಕೊಡ್ತೀವಿ, ಸೀಲೂ ಹಾಕ್ತೀವಿ" ಅನ್ನುವವರು ಇದ್ದಾರೆ. ಬೇಡ ತಾಯಂದಿರೇ. ಒಂದು ಸುಳ್ಳು ಕಾಗದ ಸಿಕ್ಕಿಬಿದ್ದರೆ ಒಂಬತ್ತು ವರ್ಷದ ನಿಜವಾದ ದುಡಿಮೆಯನ್ನೂ ಯಾರೂ ನಂಬುವುದಿಲ್ಲ. ನಮ್ಮ ಸಂಘವೂ ಕಂಡದ್ದನ್ನು ಮಾತ್ರ ಬರೆದುಕೊಡಬೇಕು: ಇವರು ಇಷ್ಟು ವರ್ಷದಿಂದ ಸದಸ್ಯೆ, ಸಾಲದ ಕಂತು ತಪ್ಪಿಸಿಲ್ಲ, ಲೆಕ್ಕದ ಪುಸ್ತಕ ಬರೆದಿದ್ದಾರೆ. ಅದಕ್ಕೂ ಬೆಲೆಯಿದೆ.

ಆ ಅಕ್ಕ ಪಿ.ಎಫ್. ವಿವರ, ಹಳೆಯ ಗುರುತಿನ ಚೀಟಿ, ಸೂಪರ್‌ವೈಸರ್ ಪತ್ರ ಮೂರನ್ನೂ ಜೋಡಿಸಿಕೊಂಡು ಮತ್ತೆ ಹೋದರು. "ಒಂದು ವಾರ ಹೊಲಿದು ತೋರಿಸಿ, ಆಮೇಲೆ ಸಂಬಳ ಮಾತಾಡೋಣ" ಅಂದಿದ್ದಾರಂತೆ. ಬಾಗಿಲು ಇಷ್ಟಾದರೂ ತೆರೆಯಿತು. ಉಳಿದದ್ದನ್ನು ಅವರ ಕೈ ಹೇಳುತ್ತದೆ.

ಮುಂದಿನ ಸಭೆಗೆ ಉಳಿತಾಯದ ಪುಸ್ತಕದ ಜೊತೆ ನಿಮ್ಮ ಹಳೆಯ ಕಾಗದಗಳನ್ನೂ ತನ್ನಿ. ಓದು ಬಾರದವರಿಗೆ ಬಲ್ಲವರು ಓದಿ ಹೇಳೋಣ. ಈಗ ಕೆಲಸದಲ್ಲಿರುವವರು ಇವತ್ತೇ ಒಂದು ಪತ್ರ ಕೇಳಿ ಪಡೆಯಿರಿ. ಗೇಟು ತೆರೆದಿರುವಾಗಲೇ ಕೇಳುವುದು ಜಾಣತನ.