ಕಾಲ್ಚೆಂಡಾಟದ ಆಯವ್ಯಯ

ಕಾಲ್ಚೆಂಡಾಟದಲ್ಲಿ ಬರುವ ಹಣ ಯಾರಿಗೆ ಸಲ್ಲತಕ್ಕದ್ದು? ಇಂಗ್ಲೆಂಡಿನ ನಿದರ್ಶನವನ್ನೇ ನೋಡಿರಿ. 1961ರ ಆರಂಭದಲ್ಲಿಯೂ ಅಲ್ಲಿ ವೃತ್ತಿ ಆಟಗಾರನಿಗೆ ವಾರಕ್ಕೆ 20 ಪೌಂಡಿಗಿಂತ ಹೆಚ್ಚು ಸಂಬಳ ಕೊಡುವಂತಿರಲಿಲ್ಲ. ಜಿಮ್ಮಿ ಹಿಲ್ಲರ ಮುಂದಾಳುತನದಲ್ಲಿ ಆಟಗಾರರು ಮುಷ್ಕರಕ್ಕೆ ಸಿದ್ಧರಾಗಲು, ಆ ಕಟ್ಟಳೆ ರದ್ದಾಯಿತು. ಫುಲ್‌ಹ್ಯಾಮ್ ಸಂಘದ ಜಾನಿ ಹೇನ್ಸರಿಗೆ ವಾರಕ್ಕೆ 100 ಪೌಂಡು ದೊರೆಯಿತು.

ಸಂಘದ ನಿರ್ದೇಶಕರಿಗಾದರೋ 1981ರವರೆಗೆ ಸಂಬಳವೇ ನಿಷಿದ್ಧ. ಅದು ಊರಿನ ಸೇವೆಯೆಂಬ ಭಾವನೆ. ಇಂದು ದೊಡ್ಡ ಸಂಘಗಳ ಆಡಳಿತಾಧಿಕಾರಿಗಳಲ್ಲಿ ವರ್ಷಕ್ಕೆ ಹತ್ತು ಲಕ್ಷ ಪೌಂಡಿಗೂ ಮಿಕ್ಕು ಪಡೆಯುವವರುಂಟು.

ದುಡಿದವನಿಗೆ ಕೂಲಿ ನ್ಯಾಯವೇ. ಆದರೆ ಮ್ಯಾಂಚೆಸ್ಟರಿನ ನೆರೆಯ ಬೆರಿ ಎಂಬ ಊರಿನಲ್ಲಿ 1885ರಲ್ಲಿ ಹುಟ್ಟಿದ ಸಂಘ, ಹಣದ ಆಧಾರ ತೋರಿಸಲಾರದೆ 2019ರಲ್ಲಿ ಲೀಗಿನಿಂದ ಹೊರಬಿದ್ದಿತು. ತಲೆಮಾರುಗಳಿಂದ ಟಿಕೆಟು ಕೊಂಡವರಿಗೆ ಶನಿವಾರದ ಆಟವೇ ಇಲ್ಲವಾಯಿತು. ಸಂಘದ ಲೆಕ್ಕ ಕೇಳುವ ಹಕ್ಕು ಅವರಿಗೂ ಇರಬೇಡವೆ? ನೀವೇ ವಿಚಾರಿಸಿರಿ.