ಹೆಗಲು ಮುಟ್ಟಿಕೊಂಡವರು



ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಗಾದೆ ನಮಗೆಲ್ಲ ಗೊತ್ತು. ಬೂದುಗುಂಬಳ ಹೊತ್ತವನ ಹೆಗಲಿಗೆ ಬೂದಿ ಅಂಟಿರುತ್ತದೆ. ಕೂಗು ಕಿವಿಗೆ ಬಿದ್ದದ್ದೇ ತಡ, ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಹೇಳಲಿಕ್ಕೆ ಚೆಂದದ ಗಾದೆ. ಆದರೆ ಅದನ್ನೇ ಹಿಡಿದು ಒಬ್ಬರ ಮೇಲೆ ತೀರ್ಪು ಕೊಡುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಹತ್ತು ಜನರ ನಡುವೆ ಯಾರಾದರೂ ‘ಕಳ್ಳ’ ಎಂದು ಕೂಗಿದರೆ ಏನೂ ಕದಿಯದವನೂ ಒಮ್ಮೆ ಹೆಗಲು ನೋಡಿಕೊಳ್ಳುತ್ತಾನೆ. ಮಾಡದ ತಪ್ಪಿಗೆ ಹಿಂದೊಮ್ಮೆ ಏಟು ತಿಂದವನಂತೂ ಎಲ್ಲರಿಗಿಂತ ಮೊದಲು ನೋಡಿಕೊಳ್ಳುತ್ತಾನೆ.

ಒಂದು ಮನೆಯಲ್ಲಿ ಉಂಗುರ ಕಾಣೆಯಾಯಿತು ಎಂದುಕೊಳ್ಳಿ. ಮನೆಕೆಲಸಕ್ಕೆ ಬರುವ ಹೆಂಗಸನ್ನು ನಡುಮನೆಗೆ ಕರೆದು, “ಬೀರು ಹತ್ತಿರ ಹೋಗಿದ್ದೆಯೇನಮ್ಮಾ?” ಎಂದು ಕೇಳುತ್ತಾರೆ. “ಇಲ್ಲ ಅಕ್ಕಾ” ಅನ್ನುವಾಗ ಆಕೆಯ ದನಿ ನಡುಗುತ್ತದೆ, ಹಣೆ ಬೆವರುತ್ತದೆ, ಕಣ್ಣು ನೆಲ ನೋಡುತ್ತದೆ. “ಮುಖ ನೋಡಿದರೇ ಗೊತ್ತಾಗಲ್ವಾ?” ಅನ್ನುವ ಮಾತು ಅಲ್ಲೇ ಹುಟ್ಟಿಬಿಡುತ್ತದೆ. ಆ ಹೆಂಗಸಿನ ತಲೆಯಲ್ಲಿ ಆಗ ಏನೇನು ಓಡುತ್ತಿರಬಹುದು? ಈ ಮನೆಯ ಕೆಲಸ ಹೋದರೆ ಬೀದಿಯ ಇನ್ನೂ ನಾಲ್ಕು ಮನೆಯ ಕೆಲಸ ಹೋಗುತ್ತದೆ. ಪೊಲೀಸರನ್ನು ಕರೆಸಿದರೆ ಮಕ್ಕಳ ಗತಿ ಏನು? ಇಷ್ಟು ಭಯ ಸಾಲದೇ, ಬೆವರಲಿಕ್ಕೆ?

ಮುಖ ನೋಡಿ ಅಪರಾಧ ಕಂಡುಹಿಡಿಯುವ ಆಸೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜನಿಗೆ ವಿಷ ಇಕ್ಕಿದವನನ್ನು ಗುರುತಿಸುವ ಲಕ್ಷಣಗಳ ಒಂದು ಪಟ್ಟಿಯೇ ಇದೆ. ಬಾಯಿ ಒಣಗುವುದು, ಮುಖ ಕಪ್ಪಿಡುವುದು, ಮಾತು ತಡವರಿಸುವುದು, ವಿಪರೀತ ಬೆವರು, ಆಕಳಿಕೆ, ನಡುಕ, ಎಡವುವುದು, ಅತ್ತಿತ್ತ ನೋಡುವುದು, ನಿಂತಲ್ಲಿ ನಿಲ್ಲಲಾರದೆ ಚಡಪಡಿಸುವುದು. ಈ ಗ್ರಂಥದ ಓಲೆಗರಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ, 1909ರಲ್ಲಿ ಅಚ್ಚಾಯಿತು. ಅರಮನೆಯ ಅಡುಗೆಮನೆ ಕಾಯುವವನಿಗೆ ಆ ಪಟ್ಟಿ ಬೇಕಿತ್ತು, ಒಪ್ಪೋಣ. ರಾಜನ ಪ್ರಾಣದ ಪ್ರಶ್ನೆ. ಅನುಮಾನ ಬಂದರೂ ಸಾಕು, ತಟ್ಟೆ ಹಿಂದಕ್ಕೆ ಹೋಗುತ್ತದೆ.

ಅದೇ ಬೆವರು, ಅದೇ ನಡುಕ ಭರತಮುನಿಯ ನಾಟ್ಯಶಾಸ್ತ್ರದಲ್ಲೂ ಇವೆ. ಎಂಟು ಸಾತ್ತ್ವಿಕ ಭಾವಗಳಲ್ಲಿ ಸ್ವೇದ ಒಂದು. ವೇಪಥು ಎಂದರೆ ನಡುಕ. ಸ್ವರಭೇದ ಎಂದರೆ ದನಿ ಒಡೆಯುವುದು. ವೈವರ್ಣ್ಯ ಎಂದರೆ ಮುಖದ ಬಣ್ಣಗೆಡುವುದು. ಆದರೆ ಭರತ ಬೆವರಿಗೆ ಎಷ್ಟು ಕಾರಣ ಕೊಡುತ್ತಾನೆ ನೋಡಿ: ಕೋಪ, ಭಯ, ಹರ್ಷ, ಲಜ್ಜೆ, ದುಃಖ, ದಣಿವು, ರೋಗ, ಸೆಕೆ. ಒಂದೇ ಗುರುತಿಗೆ ಇಷ್ಟೊಂದು ಬೇರು. ಮನುಷ್ಯರನ್ನು ರಂಗದ ಮೇಲೆ ತರಬೇಕಾದವನಿಗೆ ಇದು ತಿಳಿದಿತ್ತು. ದಿನನಿತ್ಯದ ಬದುಕಿಗೆ ನಾನು ಕೌಟಿಲ್ಯನನ್ನು ಪಕ್ಕಕ್ಕಿಟ್ಟು ಭರತನನ್ನು ಆರಿಸಿಕೊಳ್ಳುತ್ತೇನೆ.

ಈ ಕಾಲದ ಮನಶ್ಶಾಸ್ತ್ರವೂ ಭರತನ ಕಡೆಗೇ ವಾಲುತ್ತದೆ. ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ ಎಂಬ ಅಮೆರಿಕದ ಇಬ್ಬರು ವಿದ್ವಾಂಸರು ಅಲ್ಲಿಯತನಕ ನಡೆದಿದ್ದ ನೂರಾರು ಪ್ರಯೋಗಗಳನ್ನು ಒಟ್ಟುಮಾಡಿ 2006ರಲ್ಲಿ ಲೆಕ್ಕ ಹಾಕಿದರು. ಇಪ್ಪತ್ತನಾಲ್ಕು ಸಾವಿರಕ್ಕೂ ಹೆಚ್ಚು ಜನ ಅಪರಿಚಿತರ ಮಾತು ಕೇಳಿ, ಸುಳ್ಳೋ ನಿಜವೋ ಎಂದು ಹೇಳಿದ್ದರು. ಸರಿಯಾದದ್ದು ಸರಾಸರಿ ನೂರಕ್ಕೆ 54. ನಾಣ್ಯ ಚಿಮ್ಮಿದ್ದರೂ 50 ಸರಿಯಾಗುತ್ತಿತ್ತು. ಅದೇ ವರ್ಷ ಬಾಂಡ್ ಅವರೇ ಮುಂದಾಳಾಗಿದ್ದ ತಂಡವೊಂದು 58 ದೇಶಗಳ ಜನರನ್ನು, ಸುಳ್ಳು ಹೇಳುವವರು ಹೇಗೆ ಗೊತ್ತಾಗುತ್ತಾರೆ ಎಂದು ಕೇಳಿತು. ಎಲ್ಲಕ್ಕಿಂತ ಹೆಚ್ಚು ಬಂದ ಉತ್ತರ, ಕಣ್ಣು ತಪ್ಪಿಸುತ್ತಾರೆ ಎಂಬುದು. ಅಳೆದು ನೋಡಿದವರಿಗೆ ಮಾತ್ರ ಕಣ್ಣಿಗೂ ಸುಳ್ಳಿಗೂ ನೆಚ್ಚಬಹುದಾದ ನಂಟು ಸಿಕ್ಕಿಲ್ಲ.

ಕಣ್ಣಿನ ವಿಷಯದಲ್ಲಿ ನಮ್ಮ ಮಕ್ಕಳ ಪಾಡು ನೆನೆದರೆ ಕರುಳು ಚುರ್ ಅನ್ನುತ್ತದೆ. ಹಿರಿಯರೆದುರು ತಲೆ ತಗ್ಗಿಸಿ ನಿಲ್ಲಬೇಕು ಎಂದು ಕಲಿಸುವವರು ನಾವೇ. ತರಗತಿಯಲ್ಲಿ ಏನೋ ಕಳೆದಾಗ ಅದೇ ತಗ್ಗಿದ ತಲೆಯನ್ನು ಹಿಡಿದೆತ್ತಿ, “ನನ್ನ ಕಣ್ಣು ನೋಡಿ ಹೇಳೋ” ಅನ್ನುವವರೂ ನಾವೇ. ಎತ್ತಿದರೆ ಉದ್ಧಟ, ತಗ್ಗಿಸಿದರೆ ಕಳ್ಳ. ಆ ಮಗು ಕಣ್ಣನ್ನು ಎಲ್ಲಿಡಬೇಕು?

ಮುಖವನ್ನು ನಂಬದವರು ಯಂತ್ರವನ್ನು ನಂಬಿದರು. ಸುಳ್ಳುಪತ್ತೆ ಯಂತ್ರ ಎಂದು ಕರೆಯುವ ಪಾಲಿಗ್ರಾಫ್ ಅಳೆಯುವುದು ರಕ್ತದೊತ್ತಡ, ಉಸಿರಾಟ, ಚರ್ಮದ ಬೆವರು ಇಂಥವನ್ನು. ಥರ್ಮಾಮೀಟರು ಜ್ವರ ಎಷ್ಟೆಂದು ಹೇಳೀತು, ಯಾವ ಕಾಯಿಲೆಯ ಜ್ವರವೆಂದು ಹೇಳದು; ಇದೂ ಹಾಗೆಯೇ. ನಮ್ಮ ರಾಜ್ಯದ ಹೆಸರು ಹೊತ್ತ ಒಂದು ಮೊಕದ್ದಮೆ ಇಲ್ಲಿ ನೆನಪಾಗಬೇಕು. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರ ಮೇ 5ರಂದು ತೀರ್ಪು ಕೊಟ್ಟು, ಒಪ್ಪಿಗೆಯಿಲ್ಲದೆ ಯಾರನ್ನೂ ಪಾಲಿಗ್ರಾಫ್, ಮಂಪರು ಪರೀಕ್ಷೆ, ಮಿದುಳಿನ ನಕ್ಷೆ ತೆಗೆಯುವ ಪರೀಕ್ಷೆಗೆ ಒಡ್ಡುವಂತಿಲ್ಲ ಎಂದಿತು. ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಆರೋಪಿಯನ್ನು ಬಲವಂತ ಮಾಡಬಾರದು ಎಂದು ಸಂವಿಧಾನದ 20ನೇ ವಿಧಿ ಹೇಳುತ್ತದೆ. ನ್ಯಾಯಾಲಯದಲ್ಲಿ ಆರೋಪಿಗೆ ಸಿಗುವ ಈ ಕಾವಲು ನಡುಮನೆಯಲ್ಲಿ ನಿಂತ ಕೆಲಸದಾಕೆಗೆ ಇಲ್ಲ.

ಹಾಗಾದರೆ ಸುಳ್ಳು ಗೊತ್ತಾಗುವುದೇ ಇಲ್ಲವೇ? ಗೊತ್ತಾಗುತ್ತದೆ, ಆದರೆ ಸಾಮಾನ್ಯವಾಗಿ ಆಮೇಲೆ. ತಾವು ಕಂಡುಹಿಡಿದ ಸುಳ್ಳುಗಳನ್ನು ನೆನಪಿಸಿಕೊಳ್ಳಿ ಎಂದು ಜನರನ್ನು ಕೇಳಿ ನೋಡಿದಾಗ, ಮೂರನೆಯವರ ಮಾತು, ಕೈಗೆ ಸಿಕ್ಕ ಪುರಾವೆ, ಹೇಳಿದವರದೇ ತಪ್ಪೊಪ್ಪಿಗೆ ಇವುಗಳಿಂದಲೇ ಹೆಚ್ಚಿನವು ಬಯಲಾಗಿದ್ದವು. ಮಾತಾಡುವ ಹೊತ್ತಿನಲ್ಲಿ ಮುಖ ನೋಡಿ ಹಿಡಿದದ್ದು ತೀರ ಕಡಿಮೆ. ಆದರೆ ಗದರಿಸಿ ಪಡೆದ ತಪ್ಪೊಪ್ಪಿಗೆಯನ್ನು ನೆಚ್ಚುವಂತಿಲ್ಲ. ಇಂಗ್ಲೆಂಡಿನಲ್ಲಿ ಗಿಲ್‌ಫರ್ಡ್‌ನ ನಾಲ್ವರು, ಬರ್ಮಿಂಗ್‌ಹ್ಯಾಮಿನ ಆರು ಮಂದಿ ಮಾಡದ ಬಾಂಬ್ ಸ್ಫೋಟಕ್ಕೆ 1975ರಲ್ಲಿ ಶಿಕ್ಷೆಗೊಳಗಾಗಿ, ವರ್ಷಗಟ್ಟಲೆ ಸೆರೆಯಲ್ಲಿದ್ದು, 1989ರಲ್ಲಿ, 1991ರಲ್ಲಿ ಹೊರಬಂದರು. ಇಂಥ ಪ್ರಕರಣಗಳ ಬಿಸಿ ತಟ್ಟಿದ ಮೇಲೆ ಅಲ್ಲಿನ ಪೊಲೀಸರು ವಿಚಾರಣೆಯ ರೀತಿಯನ್ನೇ ಬದಲಿಸಿದರು. ಗದರಿಸಿ ಒಪ್ಪಿಸುವುದನ್ನು ಬಿಟ್ಟು, ನಡೆದದ್ದನ್ನು ವಿಚಾರಣೆಗೆ ಬಂದವರ ಬಾಯಿಂದಲೇ ಪೂರ್ತಿ ಹೇಳಿಸಿ, ಆಮೇಲೆ ತಾಳೆ ನೋಡುವ ತರಬೇತಿ ಬಂತು.

ಹಾಗೆಂದು ಎದುರಿನವರ ಮುಖ ನೋಡುವುದನ್ನೇ ಬಿಡಬೇಕೆಂದು ನಾನು ಹೇಳುತ್ತಿಲ್ಲ. ಫೋನಿನಲ್ಲಿ “ಚೆನ್ನಾಗಿದ್ದೀನಮ್ಮಾ” ಎಂದ ಮಗನ ದನಿಯಲ್ಲೇ ಏನೋ ಸರಿಯಿಲ್ಲವೆಂದು ತಾಯಿಗೆ ತಿಳಿಯುವುದುಂಟು. ಅವನ ಎಂದಿನ ದನಿ ಆಕೆಗೆ ಗೊತ್ತು. ಆದರೆ ತಿಳಿದ ತಕ್ಷಣ ಆಕೆ, “ಸುಳ್ಳು ಹೇಳ್ತೀಯಾ” ಎಂದು ಹಾಯುವುದಿಲ್ಲ. “ಊಟ ಆಯ್ತಾ? ಯಾಕೋ ದನಿ ಒಂಥರಾ ಇದೆ?” ಅನ್ನುತ್ತಾಳೆ. ನಡುಗುವ ದನಿ ಆಕೆಗೆ ಇನ್ನೊಂದು ಮಾತು ಕೇಳಲು ಕಾರಣವಾಗುತ್ತದೆ. ಇಷ್ಟೇ ಸಹನೆ ಕೆಲಸದಾಕೆಗೂ ತರಗತಿಯ ಹುಡುಗನಿಗೂ ಸಿಗಬೇಕೆಂಬುದು ನನ್ನ ಬೇಡಿಕೆ. ನಾಲ್ಕು ಜನರ ಎದುರು ನಿಲ್ಲಿಸದೆ, ಕೂರಿಸಿ, “ನಿನ್ನೆ ಬಂದಾಗಿನಿಂದ ಏನೇನು ಮಾಡಿದೆ, ನಿಧಾನವಾಗಿ ಹೇಳಮ್ಮಾ” ಎಂದು ಕೇಳಬಹುದು. ಅದಕ್ಕೂ ಮೊದಲು, ಉಂಗುರವನ್ನು ಕಡೆಯ ಸಲ ಎಲ್ಲಿ ಬಿಚ್ಚಿಟ್ಟಿರಿ ಎಂದು ಮನೆಯವರೆಲ್ಲರನ್ನೂ ಕೇಳಬಹುದು.