ಊರ ಹೆಸರಿನ ಬಾಲ ಹಿಡಿದು



ಬೊಮ್ಮಸಂದ್ರ, ಸಿಂಗಸಂದ್ರ, ಜಕ್ಕಸಂದ್ರ, ತಿಪ್ಪಸಂದ್ರ. ಬೆಂಗಳೂರಿನ ಬಸ್ಸುಗಳ ಬೋರ್ಡು ಓದುವವರಿಗೆ ಇವು ಪರಿಚಿತ. ಈ ‘ಸಂದ್ರ’ ಬೇರೇನಲ್ಲ, ಸಮುದ್ರ. ನಡುವಿನ ‘ಮು’ ಜನರ ಬಾಯಲ್ಲಿ ಸವೆದುಹೋಗಿದೆ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ಉಪ್ಪುಗಾಳಿಯ ಸುಳಿವೂ ಇಲ್ಲದ ಕಡೆ ಇಷ್ಟೊಂದು ಸಮುದ್ರಗಳು!

ಇದು ಬಡಾಯಿಯೆಂದು ನಗಬೇಡಿ. ವರ್ಷವಿಡೀ ಹರಿಯುವ ದೊಡ್ಡ ನದಿಯಿಲ್ಲದ ಈ ಸೀಮೆಯಲ್ಲಿ ಗದ್ದೆ, ತೋಟ, ದನಕರು ಎಲ್ಲವೂ ಕೆರೆಯನ್ನೇ ನಂಬಿದ್ದವು. ಹಳ್ಳಕ್ಕೆ ಅಡ್ಡಲಾಗಿ ಏರಿ ಹಾಕಿ, ತೂಬು ಇಟ್ಟು, ಕೋಡಿ ಬಿಟ್ಟು ಕಟ್ಟಿಸಿದ ದೊಡ್ಡ ಕೆರೆಗೆ ಸಮುದ್ರವೆಂದೇ ಹೆಸರಿಡುವುದು ವಾಡಿಕೆಯಾಗಿತ್ತು. ಹೊಯ್ಸಳರ ರಾಜಧಾನಿಯೇ ದೋರಸಮುದ್ರ. ಬೀಡು ಹಾಳಾಗಿ ಊರು ಹಳೇಬೀಡು ಎನಿಸಿಕೊಂಡಿತು. ಕೆರೆ ಮಾತ್ರ ಈಗಲೂ ಇದೆ. ಬೆಂಗಳೂರಿನಲ್ಲಿ ಆದದ್ದು ಬಹುಮಟ್ಟಿಗೆ ಇದರ ತಿರುವುಮುರುವು.

ಊರ ಹೆಸರು ವಿಚಿತ್ರವೆನಿಸಿದರೆ ನಾನು ಮೊದಲು ಅದರ ಬಾಲ ನೋಡುತ್ತೇನೆ: ಕೆರೆ, ಕಟ್ಟೆ, ಹಟ್ಟಿ, ದೊಡ್ಡಿ, ಪಾಳ್ಯ. ತಲೆಗಾದರೆ ಕಥೆ ಕಟ್ಟುವುದು ಸುಲಭ. ಬೇಟೆಯಲ್ಲಿ ದಾರಿ ತಪ್ಪಿದ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು ಎಂಬ ಕಥೆ ಯಾರಿಗೆ ಗೊತ್ತಿಲ್ಲ? ಆದರೆ ಬಲ್ಲಾಳನಿಗೆ ಸುಮಾರು ಮುನ್ನೂರು ವರ್ಷ ಮೊದಲಿನ ಬೇಗೂರಿನ ವೀರಗಲ್ಲು ಆಗಲೇ ‘ಬೆಂಗಳೂರ ಕಾಳಗ’ದ ಮಾತೆತ್ತುತ್ತದೆ. ಅಜ್ಜಿ ಬಂದದ್ದು ತಡವಾಗಿ.

ಕೊಡಗಿನ ಸೋಮವಾರಪೇಟೆ, ಶನಿವಾರಸಂತೆಗಳಿಗೆ ಅಜ್ಜಿಯೇ ಬೇಡ. ಪೇಟೆಯೋ ಸಂತೆಯೋ, ವಾರದ ಜೊತೆಗೇ ಹೆಸರಿನಲ್ಲಿದೆ.

ಇನ್ನು ಕೆಲವು ಹೆಸರು ದಂಡಿನ ಜೊತೆ ಬಂದವು. ಹೈದರ್, ಟಿಪ್ಪುವಿನ ಬಳಿಯಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಹಿರೋಡೆ ‘ಫ್ರೆಂಚ್ ರಾಕ್ಸ್’ ಆಯಿತು. ಈಗ ಅದು ಪಾಂಡವಪುರ. ಇಂದಿನ ರಾಮನಗರ ಒಂದು ಕಾಲಕ್ಕೆ ಕ್ಲೋಸ್‌ಪೇಟೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರಿಗೆ ರೆಸಿಡೆಂಟನಾಗಿ ಬಂದ ಬ್ಯಾರಿ ಕ್ಲೋಸ್‌ನ ಹೆಸರು ಅದು. ಊರು ಅದನ್ನು ಕಳಚಿಹಾಕಿದೆ. ಭೂವಿಜ್ಞಾನಿಗಳು ಬಿಟ್ಟಿಲ್ಲ: ರಾಮನಗರದ ಬೆಟ್ಟಗಳ ಕಲ್ಲನ್ನು ಅವರು ಇವತ್ತಿಗೂ ‘ಕ್ಲೋಸ್‌ಪೇಟೆ ಗ್ರಾನೈಟ್’ ಎನ್ನುತ್ತಾರೆ. ಆ ಕಲ್ಲಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಕ್ಲೋಸ್ ಸಾಹೇಬ ಮೈಸೂರಿನಲ್ಲಿ ಇದ್ದದ್ದು ಎರಡು-ಮೂರು ವರ್ಷ.